ಬಲಗಡೆ ನಿಂತ ಬಿಳಿ ಕಾರು

ಚಳಿ ಇನ್ನೇನು ಬಿಡಬೇಕು ಅನ್ನುವ ಕಾಲ. ಶನಿವಾರ, ಮಧ್ಯಾಹ್ನ ಮೂರು ಗಂಟೆ. ಶೆಡ್ಡಿನ ತಗಡಿನ ಮೇಲೆ ಬಿಸಿಲು ಬಿದ್ದಿತ್ತು, ಒಳಗಿನ ನೆಲ ಮಾತ್ರ ಇನ್ನೂ ತಣ್ಣಗೇ ಇತ್ತು. ನನ್ನ ತಂಗಿಯ ಮಗ ಎರಡು ಕಾರುಗಳನ್ನೂ ಹೊರಗೆ ತಂದು ಅಕ್ಕಪಕ್ಕ ನಿಲ್ಲಿಸಿದ. ಬಿಳಿಯದು ನನ್ನ ಬಲಕ್ಕೆ, ನೀಲಿಯದು ಎಡಕ್ಕೆ. ನಡುವೆ ನಿಂತು ಕೈ ಚಾಚಿದರೆ ಎರಡರ ಬಾನೆಟ್ಟೂ ಸಿಗುವಷ್ಟು ಜಾಗ. ಆ ಜಾಗದಲ್ಲಿ ನಾನು ನಿಂತೆ. ಶುರುವಾದದ್ದು ಅಲ್ಲಿಂದ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ನನ್ನ ತಂಗಿ ಗುಡ್ಡದ ಆಚೆಯ ಆಸ್ಪತ್ರೆಯಲ್ಲಿ ಇರಬೇಕಿತ್ತು. ಅವಳ ಎರಡೂ ಮೂತ್ರಪಿಂಡ ಕೈಕೊಟ್ಟು ಏಳು ತಿಂಗಳಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ, ವಾರಕ್ಕೆ ಮೂರು ಸಲ ನಾಲ್ಕು ನಾಲ್ಕು ಗಂಟೆ ಕುರ್ಚಿಯಲ್ಲಿ ಒರಗಿ ರಕ್ತ ತೊಳೆಸಿಕೊಳ್ಳಬೇಕು. ಒಂದು ಸಲ ತಪ್ಪಿದರೆ ನೀರು ಕಾಲಿಗೆ ಇಳಿಯುತ್ತದೆ, ಇನ್ನೂ ತಡವಾದರೆ ಎದೆಗೆ ಏರುತ್ತದೆ ಎಂದು ಡಾಕ್ಟರು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಐವತ್ತೆಂಟು ಕಿಲೋಮೀಟರ್ ದಾರಿ, ಅದರಲ್ಲಿ ಹದಿನಾರು ಬರೀ ಏರು. ನಮ್ಮ ಕಡೆಯಿಂದ ಮೊದಲ ಬಸ್ಸು ಹೊರಡುವುದೇ ಒಂಬತ್ತಕ್ಕೆ. ಬಾಡಿಗೆ ಕಾರಿನವನು ಮೂರು ವಾರ ಬಂದ, ನಾಲ್ಕನೆಯ ವಾರ ಫೋನ್ ಎತ್ತಲಿಲ್ಲ. ಆ ರಸ್ತೆಗೆ ತನ್ನ ಗಾಡಿ ಹಾಕಲು ಅವನಿಗೆ ಇಷ್ಟವಿರಲಿಲ್ಲ, ಅವನನ್ನು ಅಂದು ಪ್ರಯೋಜನವಿಲ್ಲ. ಬೇಕರಿಯವನ ವ್ಯಾನು ಶುಕ್ರವಾರಕ್ಕೊಮ್ಮೆ ಬೆಳಗಾಗುವ ಮುಂಚೆ ಹಿಟ್ಟು ತರಲು ಗುಡ್ಡ ದಾಟುತ್ತಿತ್ತು. ತೀರಾ ಬೇಕಾದರೆ ಹೇಳಿ, ಕೂರಿಸಿಕೊಂಡು ಹೋಗುತ್ತೇನೆ ಎಂದಿದ್ದ. ಅದು ಬಿಟ್ಟರೆ ನಮಗೆ ದಿಕ್ಕು ಅಂತ ಇದ್ದದ್ದು ಈ ಎರಡು ಹಳೆಯ ಚಿಕ್ಕ ಕಾರುಗಳು.

ಎರಡೂ ಒಂದೇ ಕಂಪನಿಯವು, ಒಂದೇ ಅಚ್ಚಿನವು. ಬಿಳಿಯದಕ್ಕೆ ಹತ್ತೊಂಬತ್ತು ವರ್ಷ, ನೀಲಿಯದಕ್ಕೆ ಇಪ್ಪತ್ತೆರಡು. ಬಿಳಿಯದು ತಂಗಿಯ ಗಂಡನದು. ಅವನು ಅಂಚೆಯವನಾಗಿದ್ದ, ನಿವೃತ್ತಿಯಾದ ವರ್ಷ ಕೊಂಡಿದ್ದ, ಐದು ವರ್ಷ ಓಡಿಸಿ ಹೋಗಿಬಿಟ್ಟ. ಬಾಗಿಲು ಹಾಕಿದರೆ ಪೆಟ್ಟಿಗೆಯ ಮುಚ್ಚಳ ಹಾಕಿದ ಹಾಗೆ ಮೆತ್ತಗೆ ಕೂರುತ್ತಿತ್ತು. ಎಲ್ಲೂ ತುಕ್ಕಿಲ್ಲ. ಮುಂದಿನ ಸೀಟು ಹಿಂದಕ್ಕೆ ಪೂರ್ತಿ ಒರಗುತ್ತಿತ್ತು, ತಂಗಿಗೆ ಅದು ಬೇಕೇ ಬೇಕು. ಆದರೆ ಗೇರ್‌ಬಾಕ್ಸ್ ಸವೆದಿತ್ತು. ಏರಿನಲ್ಲಿ ಮೂರನೇ ಗೇರು ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ಹಿಂದಿನ ದಿನ ಶುಕ್ರವಾರ ಬರುವಾಗ ಹಾಗೇ ಕಳಚಿ, ಕಾರು ಹಿಂದಕ್ಕೆ ಜಾರಿ, ತಂಗಿಯ ಮಗ ಇಳಿದು ಚಕ್ರಕ್ಕೆ ಕಲ್ಲು ಕೊಡಬೇಕಾಯಿತು. ಒಳಗಿನ ಹಲ್ಲಿನ ಚಕ್ರಗಳು ಈಗ ಯಾರ ಹತ್ತಿರವೂ ಸಿಗುವುದಿಲ್ಲ, ಕಂಪನಿ ಮಾಡುವುದನ್ನೇ ನಿಲ್ಲಿಸಿದೆ.

ನೀಲಿಯದು ಒಬ್ಬ ಕಂಪೌಂಡರನದು. ರಿಪೇರಿಗೆ ಬಿಟ್ಟವನು ಬೇರೆ ಊರಿಗೆ ವರ್ಗವಾಗಿ, ನೀವೇ ಇಟ್ಟುಕೊಳ್ಳಿ ಎಂದು ಕಾಗದ ಬರೆದುಕೊಟ್ಟು ಹೋಗಿದ್ದ. ಅದರ ಗೇರು ಬೆಣ್ಣೆಗೆ ಚಾಕು ಇಟ್ಟ ಹಾಗೆ ಬೀಳುತ್ತಿತ್ತು. ಕ್ಲಚ್ಚು ಹೊಸದು. ಮೈ ಮಾತ್ರ ತುಕ್ಕು ತಿಂದು ಜರಡಿಯಾಗಿತ್ತು. ಕಾಲಡಿಯ ರಬ್ಬರ್ ಎತ್ತಿದರೆ ರಸ್ತೆ ಕಾಣುತ್ತಿತ್ತು. ಗಾಡಿಗಳ ತಪಾಸಣೆ ಮಾಡುವವರು ಅದನ್ನು ಒಂದು ಸಲ ನೋಡಿ, ಇದನ್ನು ಮತ್ತೆ ರಸ್ತೆಗೆ ತಂದರೆ ಇಲ್ಲೇ ಹಿಡಿದಿಟ್ಟುಕೊಳ್ಳುತ್ತೇವೆ ಎಂದು ವಾಪಸ್ ಕಳಿಸಿದ್ದರು.

ಅಂದಮೇಲೆ ದಾರಿ ಒಂದೇ. ಎರಡನ್ನೂ ಸೇರಿಸಿ ಒಂದು ಮಾಡುವುದು. ಬಿಳಿಯ ಮೈ, ನೀಲಿಯ ಗೇರ್‌ಬಾಕ್ಸ್. ಅಲ್ಲಿಯವರೆಗೆ ನನಗೂ ಅಳಿಯನಿಗೂ ತಕರಾರಿಲ್ಲ. (ತಂಗಿಯ ಮಗನನ್ನು ನಾನು ಅಳಿಯ ಅಂತಲೇ ಕರೆಯುವುದು. ಮೂವತ್ತೈದರ ಗಂಡಸು, ಶೆಡ್ಡು ಈಗ ಅವನದೇ.) ಪ್ರಶ್ನೆ ಇದ್ದದ್ದು ಇಂಜಿನ್ನಿನದು. ಎರಡೂ ಓಡುತ್ತಿದ್ದವು. ಆದರೆ ಎರಡರಲ್ಲಿ ಒಂದಕ್ಕೆ ಆಳದಲ್ಲಿ ಒಂದು ಬಡಿತವಿತ್ತು, ದೂರದ ಮನೆಯ ಬಾಗಿಲನ್ನು ಯಾರೋ ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ. ಹೊಟ್ಟೆಯೊಳಗಿನ ಬೇರಿಂಗ್ ಸವೆದರೆ ಬರುವ ಸದ್ದು ಅದು. ಅಂಥ ಇಂಜಿನ್ನು ಸಪಾಟು ರಸ್ತೆಯಲ್ಲಿ ತಿಂಗಳು ಓಡೀತು, ಏರಿಗೆ ಹಾಕಿದರೆ ಯಾವತ್ತು ಕೈಬಿಡುತ್ತದೋ ಹೇಳಲಾಗದು.

ತಂಗಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು.

“ಎರಡೂ ನನ್ನ ಹಾಗೇ ಇವೆ. ಒಂದಕ್ಕೆ ಏರು ಹತ್ತೋಕಾಗಲ್ಲ, ಇನ್ನೊಂದರ ಮೈಯೊಳಗೆ ನೀರು ತುಂಬುತ್ತೆ,” ಎಂದಳು. “ನನ್ನನ್ನೂ ಹಿಂಗೇ ಯಾರ ಜೊತೆಗಾದ್ರೂ ಸೇರಿಸಿ ಹೊಲಿದುಬಿಡಿ.”

ಅಳಿಯ ನಗಲಿಲ್ಲ. ಅವನು ಏಳು ತಿಂಗಳಿಂದ ನಗುವುದನ್ನು ಬಿಟ್ಟಿದ್ದ.

ನಮ್ಮ ಶೆಡ್ಡಿನ ಪದ್ಧತಿ ಒಂದನ್ನು ಇಲ್ಲಿ ಹೇಳಬೇಕು. ನಾನು ಕೆಲಸ ಕಲಿತದ್ದು ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ. ನಾಲ್ಕನೆಯ ತರಗತಿ ಬಿಟ್ಟ ಮೇಲೆ ನನಗೆ ಅವನೇ ಶಾಲೆ. ಅವನು ಇಂಜಿನ್ನನ್ನು ಒಂಟಿಯಾಗಿ ಕೇಳುತ್ತಿರಲಿಲ್ಲ. ತಗಡಿನ ಶೆಡ್ಡಿನಲ್ಲಿ ಒಂಟಿ ಇಂಜಿನ್ನು ಸುಳ್ಳು ಹೇಳುತ್ತದೆ, ಸದ್ದು ಗೋಡೆಗೆ ಬಡಿದು ದೊಡ್ಡದಾಗುತ್ತದೆ ಅನ್ನುತ್ತಿದ್ದ. ಅದೇ ಅಚ್ಚಿನ ಇನ್ನೊಂದು ಗಾಡಿ ತಂದು ಪಕ್ಕದಲ್ಲಿ ನಿಲ್ಲಿಸಿ, ಎರಡನ್ನೂ ಒಟ್ಟಿಗೆ ಚಾಲೂ ಮಾಡಿಸಿ, ನಡುವೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕಾಯಿಲೆ ಯಾವ ಕಡೆಯದೋ ಆ ಕಡೆಯ ಕೈ ಎತ್ತುತ್ತಿದ್ದ. ಕೈ ಎತ್ತಿದ ಮೇಲೆ ಅದು ಸರಿಯೇ ಎಂದು ಯಾರೂ ಬಿಚ್ಚಿ ನೋಡುವ ಹಾಗಿಲ್ಲ. ನಾನು ಒಂದು ಸಲ ಇಂಜಿನ್ನಿನ ಅಡಿಯ ಆಯಿಲ್ ಚೇಂಬರಿಗೆ ಸ್ಪಾನರ್ ಹಾಕಿದ್ದಕ್ಕೆ, ನಿನಗೇನು ತಲೆಯ ಪಕ್ಕದಲ್ಲಿ ಕಿವಿ ಇಲ್ಲವಾ ಎಂದು ಹತ್ತು ಜನರ ಮುಂದೆ ಬೈದಿದ್ದ. ಅವನ ನಂತರ ಆ ನಡುವಿನ ಜಾಗ ನನ್ನದಾಯಿತು. ಮೂವತ್ತು ವರ್ಷ ನಾನು ಕೈ ಎತ್ತಿದ ಕಡೆಯ ಗಾಡಿಯನ್ನೇ ರಿಪೇರಿಗೆ ಬಿಚ್ಚಿದರು, ಒಂದು ಸಲವೂ ಬರಿಗೈ ಆಗಲಿಲ್ಲ.

ಆದರೆ ನಾಲ್ಕು ವರ್ಷದ ಹಿಂದೆ ಒಂದು ಜ್ವರ ಬಂದು ಹೋದ ಮೇಲೆ ನನ್ನ ಎಡಗಿವಿ ಮಂದವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಬಲಗಿವಿ ಗಟ್ಟಿಯಿದೆ, ಕೆಲಸಕ್ಕೆ ಅದೊಂದು ಸಾಕು ಎಂದುಕೊಂಡಿದ್ದೆ. ಆ ನಾಲ್ಕು ವರ್ಷದಲ್ಲಿ ಜೋಡಿ ಗಾಡಿ ನಿಲ್ಲಿಸಿ ಕೇಳುವ ಸಂದರ್ಭವೂ ಬಂದಿರಲಿಲ್ಲ.

ಅಳಿಯ ಎರಡನ್ನೂ ಚಾಲೂ ಮಾಡಿದ. ನಾನು ಕಣ್ಣು ಮುಚ್ಚಿದೆ. ಬಡಿತ ಸ್ಪಷ್ಟವಾಗಿ ಕೇಳಿಸಿತು. ಬಲಗಡೆಯಿಂದ. ಬಲಗೈ ಎತ್ತಿದೆ.

“ಮಾಮ, ನನಗ್ಯಾಕೋ ನೀಲಿದು ಅನ್ಸುತ್ತೆ,” ಎಂದ ಅಳಿಯ. “ಬಿಳಿದರಲ್ಲಿ ಬರೀ ಮೇಲಿನ ಚಿಟಚಿಟ.”

ಇನ್ನೊಮ್ಮೆ ಕೇಳುತ್ತೇನೆ ಎಂದೆ. ಮತ್ತೆ ಕಣ್ಣು ಮುಚ್ಚಿದೆ. ಮತ್ತೆ ಬಲಗಡೆಯಿಂದಲೇ ಬಂತು. ಒಂದನ್ನು ಆರಿಸಿ ಇನ್ನೊಂದನ್ನು ಕೇಳು ಎಂದು ಯಾರಾದರೂ ಹೇಳಬಹುದು. ಯಾರಿಗಾದರೂ ಹೊಳೆಯುವ ಮಾತು ಅದು. ನಮಗೆ ಹೊಳೆಯದೇ ಇದ್ದದ್ದಲ್ಲ, ನಮ್ಮಲ್ಲಿ ಹಾಗೆ ಮಾಡುತ್ತಿರಲಿಲ್ಲ. ನಾನು ಎರಡನೆಯ ಸಲವೂ ಬಲಗೈ ಎತ್ತಿದೆ. ಅಳಿಯ ಒಂದು ಗಳಿಗೆ ನನ್ನ ಕೈಯನ್ನೇ ನೋಡಿ, ಎರಡೂ ಇಂಜಿನ್ನು ಆರಿಸಿದ.

ಭಾನುವಾರ ಬೆಳಕು ಹರಿದದ್ದೇ ಕೆಲಸಕ್ಕೆ ಇಳಿದೆವು. ಮೇಲಿನ ಕಬ್ಬಿಣದ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಬಿಳಿಯದರ ಇಂಜಿನ್ನನ್ನು ಎತ್ತಿ ನೆಲಕ್ಕೆ ಇಳಿಸಿದೆವು. ನೀಲಿಯದರ ಇಂಜಿನ್ನು, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ತೆಗೆದೆವು. ನೀಲಿಯದರ ಹೆಡ್ಡು, ಅಂದರೆ ಇಂಜಿನ್ನಿನ ಮೇಲಿನ ತಲೆ, ಹಿಂದೆ ಯಾವಾಗಲೋ ಕಾದು ಸೊಟ್ಟಗಾಗಿ ನೀರು ಸೋರುತ್ತಿತ್ತು. ಬಿಳಿಯದರ ಹೆಡ್ಡು ಬಿಚ್ಚಿ ಅದಕ್ಕೆ ಕೂರಿಸಿದೆವು. ದಪ್ಪ ಆಯಿಲ್ ಹಾಕು, ಏರಿಗೆ ಒಳ್ಳೆಯದು ಎಂದು ನಾನೇ ಹೇಳಿದೆ. ಸಂಜೆ ಐದಕ್ಕೆ ಬಿಳಿ ಕಾರು ನೀಲಿಯ ಹೃದಯ ಇಟ್ಟುಕೊಂಡು ಮೊದಲ ಸಲಕ್ಕೇ ಚಾಲೂ ಆಯಿತು. ಬಡಿತವಿಲ್ಲ. ದಪ್ಪ ಆಯಿಲ್ ಅದನ್ನು ಹತ್ತಿಯಲ್ಲಿ ಸುತ್ತಿದ ಹಾಗೆ ಮುಚ್ಚಿಟ್ಟಿತ್ತು ಅನ್ನುವುದು ನನಗೆ ಆಗ ತಿಳಿಯಲಿಲ್ಲ. ನಮ್ಮ ಇಬ್ಬರ ಕಣ್ಣಲ್ಲೂ ನೀರು ಬರುವುದೊಂದು ಬಾಕಿ.

ಸೋಮವಾರ ಆರಕ್ಕೆ ಹೊರಟು ಏಳೂ ಮುಕ್ಕಾಲಿಗೆ ಮುಟ್ಟಿದರು. ತಂಗಿ ಸಂಜೆ ಬಂದವಳು ತನ್ನ ಕೈಯಾರೆ ಚಹಾ ಮಾಡಿಕೊಟ್ಟಳು. ತಾನು ಮಾತ್ರ ಕುಡಿಯುವ ಹಾಗಿಲ್ಲ, ಅವಳಿಗೆ ದಿನಕ್ಕೆ ಇಷ್ಟೇ ನೀರು ಅಂತ ಅಳತೆ.

ಬುಧವಾರ ಅವರಿಬ್ಬರೂ ಹೋದ ಮೇಲೆ ನಾನು ಶೆಡ್ಡಿನಲ್ಲಿ ಒಬ್ಬನೇ ಇದ್ದೆ. ಬಿಳಿಯದರ ಇಂಜಿನ್ನು ತಲೆಯಿಲ್ಲದೆ ಮೂಲೆಯಲ್ಲಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ನನಗೆ ಒಂದು ಆಸೆ ಹುಟ್ಟಿತು. ಹೆಮ್ಮೆ ಅಂದರೂ ಸರಿಯೇ. ಸವೆದ ಬೇರಿಂಗ್ ತೆಗೆದು ಮೇಜಿನ ಮೇಲೆ ಇಡೋಣ, ಅಳಿಯ ಬಂದು ನೋಡಲಿ, ನನಗ್ಯಾಕೋ ನೀಲಿದು ಅನ್ಸುತ್ತೆ ಅಂದಿದ್ದನಲ್ಲ. ಇಂಜಿನ್ನನ್ನು ಮಗ್ಗುಲಾಗಿ ಉರುಳಿಸಿ ಆಯಿಲ್ ಚೇಂಬರ್ ಬಿಚ್ಚಿದೆ. ಮೊದಲನೆಯ ಬೇರಿಂಗ್ ತೆಗೆದೆ. ಅರ್ಧ ಬಳೆಯ ಹಾಗೆ ಬಾಗಿದ ಲೋಹದ ತುಂಡು, ಉಗುರಿನಿಂದ ಗೀರಿದರೂ ಒಂದು ಗೆರೆ ಸಿಗಲಿಲ್ಲ. ಇದಲ್ಲ, ಮುಂದಿನದು ಇರಬೇಕು ಎಂದುಕೊಂಡೆ. ಎರಡನೆಯದು ಹಾಗೇ. ಮೂರನೆಯದೂ ಹಾಗೇ. ನಾಲ್ಕನೆಯದೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಆಮೇಲೆ ಎದ್ದು ಗೂಡಿನಲ್ಲಿದ್ದ ರೇಡಿಯೊ ತಂದು ಸ್ಟೂಲಿನ ಮೇಲಿಟ್ಟು ಹಾಕಿದೆ. ಬಲಗಿವಿಗೆ ಬೆರಳಿಟ್ಟು ಎಡಗಿವಿಯನ್ನು ಅದರ ಹತ್ತಿರ ಒಯ್ದೆ. ಏನೂ ಇಲ್ಲ. ಮಂದವಲ್ಲ, ಸತ್ತಿತ್ತು. ಬೆರಳು ತೆಗೆದು, ಕಣ್ಣು ಮುಚ್ಚಿ, ನಿಂತಲ್ಲೇ ನಾಲ್ಕಾರು ಸುತ್ತು ತಿರುಗಿ ರೇಡಿಯೊ ಇದ್ದ ಕಡೆಗೆ ಕೈ ತೋರಿಸಿದೆ. ಕಣ್ಣು ಬಿಟ್ಟರೆ ಅದು ನನ್ನ ಹಿಂದೆ ಎಡಕ್ಕಿತ್ತು. ಇನ್ನೊಮ್ಮೆ ತಿರುಗಿದೆ, ಮತ್ತೊಮ್ಮೆ ತಿರುಗಿದೆ. ಲೋಕದ ಸದ್ದೆಲ್ಲ ನನಗೆ ಬಲಗಡೆಯಿಂದಲೇ ಬರುತ್ತಿತ್ತು. ಶನಿವಾರ ಅಳಿಯ ನೀಲಿಯದನ್ನು ಬಲಕ್ಕೆ ನಿಲ್ಲಿಸಿದ್ದರೆ ನಾನು ನೀಲಿಯದಕ್ಕೇ ಕೈ ಎತ್ತುತ್ತಿದ್ದೆ.

ಒಳ್ಳೆಯ ಇಂಜಿನ್ನು ನನ್ನ ಮುಂದೆ ಬಿಚ್ಚಿ ಬಿದ್ದಿತ್ತು. ಕೆಟ್ಟದ್ದು ನನ್ನ ತಂಗಿಯನ್ನು ಕೂರಿಸಿಕೊಂಡು ಗುಡ್ಡ ಇಳಿಯುತ್ತಿತ್ತು.

ಆಗ ನಾನು ಮಾಡಬೇಕಿದ್ದ ಕೆಲಸ ಒಂದೇ. ಅವರು ಬಂದ ಕೂಡಲೇ ಹೇಳುವುದು. ಶುಕ್ರವಾರ ಬೇಕರಿ ವ್ಯಾನಿನಲ್ಲಿ ಕಳಿಸಿ, ಶನಿವಾರ ಭಾನುವಾರ ಇಂಜಿನ್ನು ಬದಲಿಸುವುದು. ಸಮಯವಿತ್ತು. ನಾನು ಮಾಡಿದ್ದು ಏನೆಂದರೆ, ನಾಲ್ಕು ಬೇರಿಂಗನ್ನೂ ವಾಪಸ್ ಕೂರಿಸಿ, ಚೇಂಬರ್ ಮುಚ್ಚಿ, ಬೋಲ್ಟುಗಳನ್ನು ಒಂದೊಂದಾಗಿ ಬಿಗಿದು, ಮೇಲೆ ಗೋಣಿಚೀಲ ಹೊದಿಸಿದೆ. ಕೈ ತನ್ನಷ್ಟಕ್ಕೆ ಮಾಡಿತು, ನಾನು ಬೇಡ ಅನ್ನಲಿಲ್ಲ.

ಸಂಜೆ ಹೇಳೋಣ ಎಂದು ಬಾಗಿಲಲ್ಲಿ ನಿಂತಿದ್ದೆ. ಕಾರು ಬಂತು. ತಂಗಿಯ ಮುಖದಲ್ಲಿ ಕಳೆ ಇತ್ತು. ಅಲ್ಲಿಯ ಹಿರಿಯ ನರ್ಸಮ್ಮ ಇವಳ ಕುಪ್ಪಸದ ಹೊಲಿಗೆ ನೋಡಿ ತನಗೂ ಎರಡು ಹೊಲಿದುಕೊಡಿ ಅಂದಳಂತೆ, ಸೂಜಿ ಚುಚ್ಚುವವರಿಗೆ ಸೂಜಿ ಚುಚ್ಚುವವಳೇ ಬೇಕಲ್ಲ ಎಂದು ತಂಗಿ ನಕ್ಕಳು. ಅಳಿಯ ಇಳಿದು ಬಂದವನು ಬಾನೆಟ್ ಮೇಲೆ ಅಂಗೈ ಇಟ್ಟ.

“ಒಂದು ಸದ್ದಿಲ್ಲ ಮಾಮ. ನೀವು ಹೇಳದೇ ಇದ್ದಿದ್ರೆ ನಾನು ಬಿಳಿದನ್ನೇ ಇಟ್ಕೊಂಡು ಅಮ್ಮನ್ನ ನಡುದಾರೀಲಿ ಕೂರಿಸ್ತಿದ್ದೆ.”

ಏಳು ತಿಂಗಳಲ್ಲಿ ಅವನು ನನ್ನ ಮುಖ ನೋಡಿ ಆಡಿದ ಮೊದಲ ಒಳ್ಳೆಯ ಮಾತು. ನಾಳೆ ಹೇಳಿದರೂ ಶುಕ್ರವಾರಕ್ಕೆ ಇನ್ನೂ ಸಮಯವಿದೆ ಎಂದುಕೊಂಡೆ.

ಗುರುವಾರ ಹತ್ತು ಗಂಟೆಗೆ ಶೆಡ್ಡಿಗೆ ಹೋದೆ. ಶಾಲೆಯ ಬಸ್ಸಿನ ಡ್ರೈವರ್ ಬಂದಿದ್ದ, ಅಳಿಯ ಅವನಿಗೆ ನನ್ನ ಕಿವಿಯ ಕತೆ ಹೇಳುತ್ತಿದ್ದ. ಇಬ್ಬರೂ ತಿರುಗಿ ನನ್ನ ಕಡೆ ನೋಡಿದರು. ಡ್ರೈವರ್, ನನ್ನ ಬಸ್ಸನ್ನೂ ಒಂದು ಸಲ ಕೇಳಿ ಯಜಮಾನ್ರೇ, ನನ್ನ ಹೆಂಡತಿಗಿಂತ ಜಾಸ್ತಿ ಗೊಣಗುತ್ತೆ ಎಂದ. ಅವನು ಹೋಗುವವರೆಗೆ ಕಾದೆ.

“ಅಳಿಯ, ನಾಳೆ ಬೇಕರಿ ವ್ಯಾನಲ್ಲಿ ಹೋದ್ರೆ ಹೇಗೆ?”

“ಯಾಕೆ ಮಾಮ? ಚೆನ್ನಾಗಿರೋ ಕಾರು ಬಿಟ್ಟು ಅಮ್ಮನ್ನ ಹಿಟ್ಟಿನ ಚೀಲದ ಮೇಲೆ ಕೂರಿಸ್ಲಾ?” ಎಂದು ಅವನು ತಲೆ ಎತ್ತಿದ. “ಏನಾದ್ರೂ ಕೇಳಿಸ್ತಾ ನಿಮಗೆ?”

ಕೇಳಿಸ್ತಾ ಎಂದು ಕೇಳಿದ. ಅದಕ್ಕಿಂತ ಅಗಲವಾದ ಬಾಗಿಲು ಯಾರು ತೆರೆದುಕೊಟ್ಟಾರು. ನಾನು, ಏನಿಲ್ಲ, ಸುಮ್ಮನೆ ಕೇಳಿದೆ ಎಂದೆ. ನಾಳೆ ನಾನೂ ಬರುತ್ತೇನೆ ಎಂದೆ. ಬನ್ನಿ, ಅಮ್ಮನಿಗೂ ಮಾತಿಗೆ ಜೊತೆಯಾಗುತ್ತೆ ಎಂದ.

ಶುಕ್ರವಾರ ಆರಕ್ಕೆ ಹೊರಟೆವು. ತಂಗಿ ಮುಂದೆ ಸೀಟು ಒರಗಿಸಿಕೊಂಡಿದ್ದಳು, ನಾನು ಹಿಂದೆ. ಚಪ್ಪಲಿ ಕಳಚಿ ಎರಡೂ ಅಂಗಾಲನ್ನು ಕಾರಿನ ನೆಲಕ್ಕೆ ಒತ್ತಿ ಕೂತೆ. ಕಿವಿಯನ್ನು ನಂಬುವ ಹಾಗಿರಲಿಲ್ಲ. ಸಪಾಟಿನಲ್ಲಿ ಏನೂ ಇಲ್ಲ. ನಾನು ಬಿಚ್ಚಿ ನೋಡಿದ್ದೇ ತಪ್ಪಿರಬಹುದು, ಯಾವ ಇಂಜಿನ್ನಿನಲ್ಲೂ ಏನೂ ಇಲ್ಲದಿರಬಹುದು, ದೇವರೇ ಹಾಗೇ ಇರಲಿ ಎಂದು ಬೇಡಿಕೊಂಡೆ. ಏರು ಶುರುವಾಗಿ ಆರೇಳು ತಿರುವು ಆದ ಮೇಲೆ ಅಂಗಾಲಿಗೆ ಬಂತು. ತಟ್, ತಟ್, ತಟ್. ಮೊದಲು ನಾಡಿಯ ಹಾಗೆ. ಆಮೇಲೆ ಬಾಗಿಲು ತಟ್ಟಿದ ಹಾಗೆ.

ನಿಧಾನ ಮಾಡು ಎಂದೆ. ಏರಿನಲ್ಲಿ ನಿಧಾನ ಮಾಡಿದರೆ ನಿಂತೇ ಹೋಗುತ್ತದೆ ಎಂದ ಅಳಿಯ. ಅಷ್ಟರಲ್ಲಿ ಅವನಿಗೂ ಕೇಳಿಸಿತು. ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣನ್ನು ಹುಡುಕಿತು. ನಾನು ಕಿಟಕಿಯ ಹೊರಗೆ ನೋಡಿದೆ. ಇನ್ನೆರಡು ತಿರುವು. ಆಮೇಲೆ ಕೆಳಗಿನಿಂದ ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ ಒಂದು ಸದ್ದು, ಕಬ್ಬಿಣ ಹರಿದ ಸದ್ದು, ಮತ್ತೆ ಏನೂ ಇಲ್ಲ. ಅಳಿಯ ಇಳಿದು ಬಗ್ಗಿ ನೋಡಿದ. ಇಂಜಿನ್ನಿನ ಮಗ್ಗುಲು ಒಡೆದು, ಒಳಗಿನ ರಾಡು ಮುರಿದ ಮೂಳೆಯ ಹಾಗೆ ಹೊರಗೆ ಚಾಚಿತ್ತು. ಆಯಿಲ್ ರಸ್ತೆಯ ಇಳಿಜಾರು ಹಿಡಿದು ನಿಧಾನವಾಗಿ ಹರಿಯುತ್ತಿತ್ತು.

ಏಳು ಗಂಟೆ ಹತ್ತು ನಿಮಿಷ. ಫೋನು ಅಲ್ಲಿ ಹತ್ತುವುದಿಲ್ಲ. ಬೇಕರಿ ವ್ಯಾನು ಐದಕ್ಕೇ ಗುಡ್ಡ ದಾಟಿ ಹೋಗಿತ್ತು. ಅಳಿಯ ಮೇಲಕ್ಕೆ ಓಡಿದ. ತಿರುವಿನ ಆಚೆ ಅವನ ಕಾಲಿನ ಸಪ್ಪಳ ಯಾವ ಕಡೆಗೆ ಹೋಯಿತೋ ನನಗೆ ತಿಳಿಯಲಿಲ್ಲ.

ನಾವಿಬ್ಬರೇ ಉಳಿದೆವು. ತಂಗಿ ಕಾಲಿನ ಮೇಲೆ ಶಾಲು ಎಳೆದುಕೊಂಡಳು. ಅವಳ ಪಾದ ಆಗಲೇ ಚಪ್ಪಲಿಯ ಪಟ್ಟಿಯ ಆಚೆ ಈಚೆ ಉಬ್ಬಿತ್ತು. ಎಂಟಾಯಿತು. ಈಗ ನನ್ನ ಕುರ್ಚಿ ನನ್ನನ್ನ ನೋಡ್ತಾ ಇರುತ್ತೆ ಎಂದಳು. ಎಂಟೂವರೆಯಾಯಿತು. ಅವಳಿಗೆ ಬಾಯಿ ಒಣಗುತ್ತಿತ್ತು, ನೀರಿನ ಬಾಟಲಿಯನ್ನು ಕೈಯಲ್ಲಿ ಹಿಡಿದಿದ್ದಳು, ಕುಡಿಯಲಿಲ್ಲ. ನನಗೆ ತಡೆಯಲಾಗಲಿಲ್ಲ. ಎಡಗಿವಿಯಿಂದ ಶುರುಮಾಡಿ, ರೇಡಿಯೊ, ನಾಲ್ಕು ಬೇರಿಂಗು, ಗೋಣಿಚೀಲ, ಎಲ್ಲ ಹೇಳಿದೆ. ಅವಳು ತಿರುಗಿ ನೋಡಲು ಆಗದೆ ಮುಂದಿನ ಗಾಜನ್ನೇ ನೋಡುತ್ತಾ ಕೇಳಿದಳು.

“ಕಿವಿ ಹೋಗಿದೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಣ್ಣ?”

ನಾನು ಕಳಚಿಟ್ಟ ಚಪ್ಪಲಿಯನ್ನು ಮೆಟ್ಟಿಕೊಂಡೆ.

“ನನ್ನ ಮೂತ್ರಪಿಂಡ ಹೋಗಿದೆ ಅಂತ ಊರಿಗೆಲ್ಲ ಗೊತ್ತು. ನಾನೇನು ಮುಚ್ಚಿಟ್ಟುಕೊಂಡೆನಾ?” ಉಸಿರು ಎಳೆದುಕೊಂಡು ಹೇಳಿದಳು, “ಅವನಿಗೆ ನೀನೇ ಹೇಳಬೇಕು. ನಾನು ಹೇಳಲ್ಲ. ನಿನ್ನ ಪರವಾಗಿ ಬಾಯಿ ಬಿಡ್ತೀನಿ ಅಂತಲೂ ಕಾಯಬೇಡ.”

ಒಂಬತ್ತೂವರೆಗೆ ಜಲ್ಲಿ ತುಂಬಿದ ಲಾರಿಯೊಂದು ಏರಿ ಬಂತು. ಅಳಿಯ ಡ್ರೈವರನ ಪಕ್ಕದಲ್ಲಿ ಕೂತಿದ್ದ, ಎಲ್ಲೋ ಮೇಲಿನಿಂದ ಅಡ್ಡದಾರಿ ಹಿಡಿದು ಇಳಿದು ಅದನ್ನು ಕೆಳಗೆ ತಡೆದು ತಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ತಂಗಿಯನ್ನು ಇಬ್ಬರೂ ಹಿಡಿದು ಮೇಲೆ ಹತ್ತಿಸಿದೆವು. ಆಸ್ಪತ್ರೆ ಮುಟ್ಟುವಾಗ ಹನ್ನೊಂದು ನಲವತ್ತು. ಅವಳ ಕುರ್ಚಿಯಲ್ಲಿ ಒಬ್ಬ ಮುದುಕ ಕಣ್ಣು ಮುಚ್ಚಿ ಒರಗಿದ್ದ. ಅವನದೂ ಜೀವವೇ.

ಮಧ್ಯಾಹ್ನಕ್ಕೆ ಅವಳಿಗೆ ಮಲಗಲು ಆಗಲಿಲ್ಲ. ಮಲಗಿಸಿದರೆ ಮುಳುಗುವವರ ಹಾಗೆ ಎದ್ದು ಕೂರುತ್ತಿದ್ದಳು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದರು. ಶನಿವಾರ ಬೆಳಿಗ್ಗೆ ಒಂದು ಯಂತ್ರ ಎರಡು ಗಂಟೆಯ ಹೊತ್ತು ಬಿಡುವಿರುತ್ತದೆ, ಅಲ್ಲಿಯವರೆಗೆ ತಡೆಯಬೇಕು ಎಂದರು. ನಾನೂ ಅಳಿಯನೂ ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದೆವು. ಕೊಳವೆಯಲ್ಲಿ ಗುಳುಗುಳು ಸದ್ದು ಬಾಗಿಲಿನ ಆಚೆಯಿಂದ ಬರುತ್ತಿತ್ತು. ಅಲ್ಲಿ ಅವನಿಗೆ ಹೇಳಿದೆ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದ.

“ಬೇರಿಂಗ್ ನೋಡಿದ್ದು ಯಾವತ್ತು?”

“ಬುಧವಾರ.”

“ಬುಧವಾರ,” ಎಂದ. “ಗುರುವಾರ ನಾನು ಕೇಳಿದ್ನಲ್ಲ ಮಾಮ, ಏನಾದ್ರೂ ಕೇಳಿಸ್ತಾ ಅಂತ.”

ಹೌದು ಎಂದೆ.

“ತಪ್ಪು ಕೈ ಎತ್ತಿದ್ದಕ್ಕೆ ನಾನು ಏನೂ ಅಂತಿರಲಿಲ್ಲ. ನಾನೂ ಬಿಚ್ಚಿ ನೋಡಲಿಲ್ಲ, ಅದರಲ್ಲಿ ನನ್ನದೂ ಪಾಲಿದೆ,” ಎಂದ. ಸ್ವರ ಏರಲಿಲ್ಲ. “ಗೋಣಿಚೀಲ ಹೊದಿಸಿದ್ರಲ್ಲ. ಅದನ್ನ ನಾನೆಲ್ಲಿ ಇಟ್ಕೊಳ್ಳಲಿ?”

ಎದ್ದು ಹೋಗಿ ಬೇರೆ ಬೆಂಚಿನ ಮೇಲೆ ಕೂತ. ಬೈದಿದ್ದರೆ, ಕೊರಳ ಪಟ್ಟಿ ಹಿಡಿದಿದ್ದರೆ ನನಗೆ ಕೂರಲು ಆಗುತ್ತಿತ್ತೇನೋ. ಆ ಶುಕ್ರವಾರದ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಎಪ್ಪತ್ತೊಂದು ವರ್ಷದಲ್ಲಿ ಕಂಡಿಲ್ಲ.

ತಂಗಿ ತಡೆದಳು. ಶನಿವಾರ ಎರಡು ಗಂಟೆ, ಭಾನುವಾರ ಎರಡು ಗಂಟೆ ತೊಳೆದ ಮೇಲೆ ಉಸಿರು ಇಳಿಯಿತು. ಸೋಮವಾರ ಪೂರ್ತಿ ನಾಲ್ಕು ಗಂಟೆ ತೊಳೆದ ಮೇಲೆ ಹಿರಿಯ ನರ್ಸಮ್ಮ ನಮ್ಮಿಬ್ಬರನ್ನೂ ಕರೆದಳು. ಬೆಳಗಿನ ಕುರ್ಚಿ ಇನ್ನು ಇವರಿಗೆ ಹಿಡಿದಿಡಲು ಆಗುವುದಿಲ್ಲ, ಪಟ್ಟಿಯಲ್ಲಿ ಹದಿಮೂರು ಜನ ಕಾಯುತ್ತಿದ್ದಾರೆ, ಎಲ್ಲರೂ ನಡೆದು ಬರುವಷ್ಟು ದೂರದಲ್ಲಿ ಇರುವವರು. ಮಂಗಳವಾರ, ಗುರುವಾರ, ಶನಿವಾರ ಸಂಜೆ ಆರರ ಸರದಿಯೊಂದು ಇದೆ, ಈ ಗುರುವಾರದಿಂದ ಸಿಗುತ್ತದೆ, ಮುಗಿಯುವುದು ಹತ್ತಕ್ಕೆ. ಅದನ್ನು ಕೊಡಬೇಕೆಂದರೆ ರೋಗಿ ಇದೇ ಊರಿನಲ್ಲಿ ಇರಬೇಕು. ಗುಡ್ಡದ ಆಚೆಯ ಕಾರಿನ ಮೇಲೆ ನಾನು ಒಂದು ಜೀವ ಬರೆದುಕೊಳ್ಳಲಾರೆ ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಳತೆಯಿತ್ತು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಒಗೆಯುವ ಅಂಗಡಿಯವರದು ಒಂದು ಕೋಣೆ ಖಾಲಿಯಿದೆ ಎಂದು ಅವಳೇ ತೋರಿಸಿದಳು. ಒಂದು ಮಂಚ, ಒಂದು ಒಲೆ, ಸದಾ ಸೋಪಿನ ಹಬೆ.

ಮಂಗಳವಾರ ಊರಿಗೆ ಬಂದೆವು, ಬಸ್ಸಿನಲ್ಲಿ. ಗುಡ್ಡದ ತಿರುವಿನಲ್ಲಿ ಬಿಳಿ ಕಾರನ್ನು ಯಾರೋ ರಸ್ತೆಯ ಬದಿಗೆ ತಳ್ಳಿದ್ದರು. ಮೂವರೂ ನೋಡಿದೆವು. ಬುಧವಾರ ತಂಗಿ ಮೂವತ್ತು ವರ್ಷದ ತನ್ನ ಹೊಲಿಗೆಯ ಕೋಣೆಯನ್ನು ಮುಚ್ಚಿದಳು. ಕತ್ತರಿಸಿಟ್ಟ ಬಟ್ಟೆಗಳಿಗೆ ಒಂದೊಂದು ಚೀಟಿ ಸಿಕ್ಕಿಸಿ, ಅವರವರ ಮನೆಗೆ ತಲುಪಿಸಲು ನನ್ನನ್ನು ಕಳಿಸಿದಳು. ಒಬ್ಬಳು, ಮದುವೆಗೆ ಹತ್ತು ದಿನ ಇದೆ, ಈಗ ನಾನೇನು ಮಾಡಲಿ ಎಂದು ನನ್ನನ್ನು ಬೈದಳು. ಯಾರಾದರೂ ಬೈದರಲ್ಲ ಎಂದು ನಿಂತು ಕೇಳಿಸಿಕೊಂಡೆ.

ಜೊತೆಗೆ ಯಾರು ಹೋಗುವುದು ಎಂಬ ಮಾತು ಆ ದಿನ ಸಂಜೆ ಬಂತು. ಮಾಮ ಬೇಡ, ನಾನೇ ಹೋಗುತ್ತೇನೆ ಎಂದ ಅಳಿಯ. ಶೆಡ್ಡು ಮುಚ್ಚಿದರೆ ಔಷಧಿಗೆ ದಾರಿಯೇನು ಎಂದು ತಂಗಿ ಕ್ಯಾನ್ವಾಸಿನ ಚೀಲದೊಳಗೆ ಬಟ್ಟೆ ಒತ್ತುತ್ತಾ ಕೇಳಿದಳು.

“ನಿನಗೆ ಅನ್ನಕ್ಕೆ ನೀರಿಡೋಕೂ ಬರಲ್ಲ. ಅಣ್ಣ ಬರಲಿ.”

“ಅಮ್ಮ, ನಾನು ಅವರನ್ನ ನಂಬಿ ನಿನ್ನನ್ನ ಹೇಗೆ ಕಳಿಸಲಿ?”

“ನಂಬಬೇಡ. ಆದರೆ ಆಸ್ಪತ್ರೆ ಅಲ್ಲಿಂದ ಇನ್ನೂರು ಹೆಜ್ಜೆ. ನಡೆಯೋಕೆ ಇಂಜಿನ್ನು ಬೇಡ,” ಎಂದಳು. ಚೀಲದ ಬಾಯಿ ಕಟ್ಟಿ ನನ್ನ ಮುಂದೆ ಇಟ್ಟಳು, ಎತ್ತಿಕೋ ಅನ್ನುವ ಹಾಗೆ.

ಅಳಿಯ ಮಾತ್ರೆಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದ. ನನ್ನ ಕೈಗೆ ಕೊಡಲಿಲ್ಲ, ಅವಳ ಪರ್ಸಿನಲ್ಲಿ ಇಟ್ಟ. ಬೆಳಿಗ್ಗೆ ಹೊಲಿಗೆಯಂತ್ರದ ತಲೆಯನ್ನು ಮಾತ್ರ ಕಳಚಿ, ಹಳೆಯ ಕಂಬಳಿಯಲ್ಲಿ ಸುತ್ತಿ, ಬಸ್ಸಿನ ಹಿಂದಿನ ಸೀಟಿನ ಕೆಳಗೆ ತಾನೇ ಇಟ್ಟು ಬಂದ. ತಾಯಿ ಮಗ ಸ್ವಲ್ಪ ಹೊತ್ತು ಕೈ ಹಿಡಿದುಕೊಂಡಿದ್ದರು. ನನ್ನ ಹತ್ತಿರ ಬಂದು ಏನಾದರೂ ಹೇಳುತ್ತಾನೆ ಎಂದು ಕಾದೆ. ಅವನು ಬರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ.

ಅವನು ಶೆಡ್ಡಿನಲ್ಲಿ ಉಳಿದ. ತಂಗಿಯೂ ನಾನೂ ಒಂಬತ್ತರ ಬಸ್ಸಿಗೆ ಹೊರಟೆವು, ಗುರುವಾರ.